ಅತ್ತಿಗೆ ಸಾಕಿದ ಬ್ಯಾಕ್ಟೀರಿಯಾ

ನಮ್ಮ ಅತ್ತಿಗೆಗೆ ಖಾಲಿ ತಟ್ಟೆ ಕಂಡರೆ ಆಗುವುದಿಲ್ಲ. ತಟ್ಟೆ ಯಾರದು, ಮುಂದೆ ಕೂತವರಿಗೆ ಹಸಿವಿದೆಯೇ ಇಲ್ಲವೇ ಎನ್ನುವುದೆಲ್ಲ ಆಮೇಲಿನ ಮಾತು, ಮೊದಲು ಬಡಿಸಿಬಿಡಬೇಕು. ನಾನು ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಗಿರಾಕಿಗಳ ಬಟ್ಟೆ ಹೊಲಿದದ್ದಕ್ಕಿಂತ ಈ ಮನೆಯವರ ಬಟ್ಟೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿದ್ದೇ ಹೆಚ್ಚು. ನಮ್ಮಣ್ಣನ ಪ್ಯಾಂಟಿನ ಸೊಂಟದಲ್ಲಿ ಇನ್ನು ಬಿಚ್ಚಲು ಬಟ್ಟೆಯೇ ಉಳಿದಿಲ್ಲ. ಅವನು ಬಸ್ಸು ಓಡಿಸುವವನು. ಮದುವೆಯಾದಾಗಿನಿಂದ ಅವನ ಹೊಟ್ಟೆಗೂ ಸ್ಟೇರಿಂಗಿಗೂ ನಡುವಿನ ಅಂತರ ವರ್ಷ ವರ್ಷ ಕಡಿಮೆಯಾಗುತ್ತ ಬಂದು, ಈಗ ಎರಡೂ ಪಿಸುಮಾತಾಡಿಕೊಳ್ಳುವಷ್ಟು ಹತ್ತಿರವಾಗಿವೆ.

ಮನುಷ್ಯರ ಪಾಡೇ ಹೀಗಾದರೆ ಉಳಿದ ಜೀವಗಳ ಪಾಡು ಕೇಳಬೇಕೇ? ಒಮ್ಮೆ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕಿದರು. ಅವು ಬಾಯಿ ತೆರೆದಾಗಲೆಲ್ಲ ಹಸಿವಾಗಿದೆ ಎಂದುಕೊಂಡು ಕಾಳು ಹಾಕಿದರು. ಮೀನು ಬಾಯಿ ತೆರೆಯುವುದು ಉಸಿರಾಡಲಿಕ್ಕೆ ಎಂದು ನಾನು ಹೇಳುವಷ್ಟರಲ್ಲಿ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಕಿಟಕಿಯ ಕುಂಡಗಳಲ್ಲಿ ಗಿಡಗಳು ನೀರು ಕುಡಿದು ಕುಡಿದು ಕೊಳೆತವು. ಬೀದಿಯ ಕೊನೆಯಲ್ಲಿ ಮಲಗುವ ನಾಯಿ ನಮ್ಮ ಬಾಗಿಲಿಗೆ ಬಂದು ಸೇರಿದ ಮೇಲೆ ಓಡುವುದನ್ನೇ ಮರೆತಿತು. ಈಗ ಕಳ್ಳ ಬಂದರೂ ಅದು ಮಲಗಿದಲ್ಲಿಂದಲೇ ಬೊಗಳುತ್ತದೆ.

ಇಂಥ ಹೆಣ್ಣಿಗೆ ಸಿಕ್ಕ ಕೆಲಸ ನೋಡಿ: ಬ್ಯಾಕ್ಟೀರಿಯಾಗಳ ಜುಟ್ಟು ಹಿಡಿದು ದುಡಿಸುವುದು.

ಊರ ಹೊರಗೆ ರೈಲು ಹಳಿಯ ಆಚೆ ಒಂದು ಕಾರ್ಖಾನೆ ಇದೆ. ಜೋಳದ ದಂಟು, ಮರದ ಹೊಟ್ಟು, ಯಾರಿಗೂ ಬೇಡವಾದ ಹುಲ್ಲು ಕಡ್ಡಿ ಎಲ್ಲ ಲಾರಿಗಟ್ಟಲೆ ಅಲ್ಲಿಗೆ ಬರುತ್ತದೆ. ಅದನ್ನು ಬೇಯಿಸಿ, ಹಿಂಡಿ, ಒಳಗಿನ ಸಕ್ಕರೆ ತೆಗೆದು, ಆ ಸಕ್ಕರೆಯಿಂದ ವಾಹನ ಓಡಿಸುವ ಆಲ್ಕೋಹಾಲ್ ಮಾಡುತ್ತಾರೆ. ಅಲ್ಲಿನ ಎರಡನೇ ಮಹಡಿಯ ಪ್ರಯೋಗಾಲಯದಲ್ಲಿ, ಕಿಟಕಿಯ ಪಕ್ಕದ ಉದ್ದನೆಯ ಬೆಂಚು ನಮ್ಮ ಅತ್ತಿಗೆಯದು. ಬೆಂಚು ಎಂದರೆ ಕೂರುವ ಬೆಂಚಲ್ಲ. ನಿಂತು ಕೆಲಸ ಮಾಡುವ ಮೇಜು. ಆದರೆ ಅವರ ಬಾಯಲ್ಲಿ ಅದು ಅವರ ಕೆಲಸ, ಅವರ ಜಾಗ, ಅವರ ಹತ್ತಾರು ವರ್ಷ ಎಲ್ಲವೂ ಹೌದು. ಅಲ್ಲಿನವರ ಬಿಳಿ ಕೋಟುಗಳನ್ನು ಹೊಲಿಯುವುದು ನಾನೇ. ಅಳತೆಗೆ ಹೋದಾಗೆಲ್ಲ ಆ ಬೆಂಚನ್ನು ನೋಡುತ್ತಿದ್ದೆ. ಒಂದು ತುದಿಯಲ್ಲಿ ರಬ್ಬರ್ ಬಿರಡೆ ಬಿಗಿದ ಸಣ್ಣ ಬಾಟಲಿಗಳ ಸಾಲು, ಇನ್ನೊಂದು ತುದಿಯಲ್ಲಿ ಫ್ಲಾಸ್ಕುಗಳನ್ನು ಬೆಚ್ಚಗಿಟ್ಟು ಸದಾ ತೂಗುವ ಪೆಟ್ಟಿಗೆ. ನಡುವೆ ಅತ್ತಿಗೆಯ ಚಹಾದ ಲೋಟಕ್ಕೂ ಜಾಗವಿಲ್ಲ. ಅಲ್ಲಿ ತಿನ್ನುವುದು ಕುಡಿಯುವುದು ನಿಷೇಧ. ಅವರು ಅಲ್ಲಿ ಹೇಗೆ ಬದುಕುತ್ತಾರೋ ಎಂದು ನನಗೆ ಆಶ್ಚರ್ಯ.

ಅವರ ಕೆಲಸ ನನಗೆ ಅರ್ಥವಾದದ್ದು ಒಂದು ಕೋಟಿನ ತೋಳು ಅಳೆಯುತ್ತಿದ್ದಾಗ. “ಅಲ್ಲ ಅತ್ತಿಗೆ, ಬ್ಯಾಕ್ಟೀರಿಯಾಗೆ ಆಲ್ಕೋಹಾಲ್ ಯಾಕೆ ಬೇಕು? ಕುಡಿಯುತ್ತಾ?” ಎಂದು ಕೇಳಿದ್ದೆ.

“ಕುಡಿಯಲ್ಲ ಕಣೇ, ಹೊರಗೆ ಹಾಕುತ್ತೆ,” ಎಂದರು. “ಸಕ್ಕರೆ ತಿಂದ ಮೇಲೆ ಅದರೊಳಗೆ ಒಂದು ಹೊರೆ ಉಳಿಯುತ್ತೆ. ಅದನ್ನ ಎಲ್ಲಾದ್ರೂ ಇಳಿಸಲೇಬೇಕು, ಇಳಿಸ್ದೆ ಇದ್ರೆ ಮುಂದಿನ ತುತ್ತು ತಿನ್ನೋಕಾಗಲ್ಲ. ಗಾಳಿ ಇದ್ರೆ ಗಾಳಿ ಮೇಲೆ ಇಳಿಸುತ್ತೆ. ಗಾಳಿ ಇಲ್ದಿದ್ರೆ ಹುಳಿ ಮಾಡಿ ಇಳಿಸುತ್ತೆ. ಅದಕ್ಕೆ ನಾಲ್ಕಾರು ಬಾಗಿಲು. ನಾನು ಆ ಹುಳಿ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಮುಚ್ತಾ ಬಂದಿದೀನಿ. ಮಣ್ಣಲ್ಲಿರೋ ಇನ್ನೊಂದು ಬ್ಯಾಕ್ಟೀರಿಯಾದಿಂದ ಜೀನ್ ತಂದು ಹೊಸ ಬಾಗಿಲು ಒಂದು ಇಟ್ಟಿದೀನಿ, ಬ್ಯುಟನಾಲ್ ಬಾಗಿಲು. ಬ್ಯುಟನಾಲ್ ಅಂದ್ರೆ ಗಾಡಿಗೆ ಹಾಕೋ ಒಂಥರಾ ಆಲ್ಕೋಹಾಲು. ಈಗ ಅದಕ್ಕೆ ಹೊರೆ ಇಳಿಸೋಕೆ ಅದೊಂದೇ ದಾರಿ. ಬ್ಯುಟನಾಲ್ ಮಾಡ್ಬೇಕು, ಇಲ್ಲಾ ಹಾಗೇ ಬಿದ್ದಿರ್ಬೇಕು.”

“ಎಂಥಾ ಕಲ್ಲು ಮನಸ್ಸು ನಿಮ್ದು!” ಎಂದೆ ನಾನು. ಅತ್ತಿಗೆಯ ಮುಖ ಸಪ್ಪಗಾಯಿತು. ತಮಾಷೆಗೆ ಅಂದ ಮಾತು ಅವರಿಗೆ ನಾಟಿತ್ತು. ಆ ಬಾಗಿಲುಗಳನ್ನು ಮುಚ್ಚಲು ಅವರಿಗೆ ವರ್ಷಗಳೇ ಹಿಡಿದಿದ್ದವು. ಒಂದು ಮುಚ್ಚಿದರೆ ಆ ಬ್ಯಾಕ್ಟೀರಿಯಾ ಗೋಡೆಯಲ್ಲಿ ಮತ್ತೊಂದು ಕಿಂಡಿ ಹುಡುಕುತ್ತಿತ್ತು. ಎಲ್ಲವನ್ನೂ ಮುಚ್ಚಿದಾಗ ಬೆಳೆಯಲೇ ಒಲ್ಲೆ ಎಂದು ಮುಷ್ಕರ ಹೂಡುತ್ತಿತ್ತು. ಕೊನೆಗೊಮ್ಮೆ ರಬ್ಬರ್ ಬಿರಡೆಯ ಪುಟ್ಟ ಬಾಟಲಿಗಳಲ್ಲಿ ಅದು ಮಾತು ಕೇಳಿತು. ತಿಂದ ಸಕ್ಕರೆಯನ್ನು ಹೆಚ್ಚುಕಡಿಮೆ ಎಲ್ಲ ಬ್ಯುಟನಾಲ್ ಮಾಡಿತು. ಅಂದು ಅತ್ತಿಗೆ ಹಿಗ್ಗಿ ಹೀರೇಕಾಯಿಯಾಗಿ ಬಂದು, ಇಡೀ ಬೀದಿಗೆ ಕೇಕು ಹಂಚಿದರು.

ಬೀದಿಯವರು ಅರ್ಥ ಮಾಡಿಕೊಂಡದ್ದೇ ಬೇರೆ. ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ತರರು ಅರ್ಧ ಕೇಕು ತಿಂದು, ಬಾಯಿ ಒರೆಸಿಕೊಂಡು, ಅತ್ತಿತ್ತ ನೋಡಿ, “ನಿಮ್ಮಲ್ಲಿ ಸ್ಯಾಂಪಲ್ಲು ಗೀಂಪಲ್ಲು ಉಳಿದ್ರೆ ಹೇಳಿ ತಾಯಿ, ವ್ಯರ್ಥ ಮಾಡ್ಬೇಡಿ,” ಎಂದರು. “ಅಯ್ಯೋ, ಅದು ಕುಡಿಯೋದಲ್ಲ. ಕುಡಿದ್ರೆ ಆಸ್ಪತ್ರೆಗೆ ಹೊರಬೇಕಾಗುತ್ತೆ. ಬೇಕಿದ್ರೆ ನಿಮ್ಮ ಸ್ಕೂಟರಿಗೆ ಕುಡಿಸಿ,” ಎಂದರು ಅತ್ತಿಗೆ. ಪೋಸ್ಟ್‌ಮಾಸ್ತರರು ಉಳಿದರ್ಧ ಕೇಕನ್ನು ಕೆಳಗಿಟ್ಟು ನಿಟ್ಟುಸಿರು ಬಿಟ್ಟರು.

ನಮ್ಮಣ್ಣನದೂ ಒಂದು ವರಸೆ. “ನನ್ನ ಬಸ್ಸು ನಿನ್ನ ಹುಳುಗಳ ಉಚ್ಚೆಯಲ್ಲಿ ಓಡೋದು ಯಾವಾಗಮ್ಮಾ?” ಎಂದು ದಿನಾ ಕೆಣಕುತ್ತಿದ್ದ. ಅವು ಹುಳು ಅಲ್ಲ, ಅದು ಉಚ್ಚೆಯೂ ಅಲ್ಲ ಎಂದು ಅತ್ತಿಗೆ ಪಾಠ ಶುರು ಮಾಡುತ್ತಿದ್ದರು. ಪಾಠದ ನಡುವೆ ಅವನ ತಟ್ಟೆಗೆ ಇನ್ನೊಂದು ಮೊಟ್ಟೆ ಬೀಳುತ್ತಿತ್ತು. ಅವನಿಗೆ ಬೇಕಾಗಿದ್ದದ್ದೂ ಅದೇ ಇರಬೇಕು.

ಬಾಟಲಿಯಲ್ಲಿ ಗೆದ್ದದ್ದು ದೊಡ್ಡ ಟ್ಯಾಂಕಿನಲ್ಲೂ ಗೆಲ್ಲಬೇಕಲ್ಲ. ಕಾರ್ಖಾನೆಯ ನೆಲಮಹಡಿಯಲ್ಲಿ ಎರಡಾಳೆತ್ತರದ ಉಕ್ಕಿನ ಟ್ಯಾಂಕು ಇದೆ. ಏಣಿ ಹತ್ತಿ ಗಾಜಿನ ಕಿಂಡಿಯಲ್ಲಿ ಇಣುಕಬೇಕು. ಅದನ್ನು ನೋಡಿಕೊಳ್ಳುವ ಹಿರಿಯ ಆಪರೇಟರನ್ನು ಎಲ್ಲರೂ ಮಾವ ಎನ್ನುತ್ತಾರೆ. ಟ್ಯಾಂಕನ್ನು ಮಾತಾಡಿಸುತ್ತ, ಬೈಯುತ್ತ, ಒರೆಸುತ್ತ ಇರುವ ಮನುಷ್ಯ. ಕಾರ್ಖಾನೆಯ ಡೈರೆಕ್ಟರು ಅತ್ತಿಗೆಗೆ ಆ ಟ್ಯಾಂಕು ಕೊಟ್ಟರು. ಕೊಡುವಾಗಲೇ ಒಂದು ಮಾತನ್ನೂ ಹೇಳಿದರು: ಬಾಟಲಿ ಸಾಕು, ಇನ್ನು ಟ್ಯಾಂಕಿನಲ್ಲಿ ತೋರಿಸಿ, ಆಗದಿದ್ದರೆ ಬೆಂಚು ಮುಚ್ಚುತ್ತೇವೆ, ನೀವು ಕೆಳಗೆ ಡ್ರಮ್ಮುಗಳ ಮುಚ್ಚಳ ಪರೀಕ್ಷಿಸುವ ವಿಭಾಗಕ್ಕೆ ಬನ್ನಿ. ಡೈರೆಕ್ಟರು ಕೆಟ್ಟವರೇನಲ್ಲ. ಆಕೆ ಮುಖದ ಮೇಲೆ ಹೊಡೆದಂತೆ ಮಾತಾಡುತ್ತಾರೆ, ಅಷ್ಟೆ. ಮನೆಗೆ ಬಂದು ಇದನ್ನು ಹೇಳುವಾಗ ಅತ್ತಿಗೆ ನಗುತ್ತಲೇ ಇದ್ದರು. ಆದರೆ ಆ ದಿನ ಯಾರಿಗೂ ಎರಡನೇ ಸಲ ಬಡಿಸಲಿಲ್ಲ. ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡೆವು.

ಮೊದಲ ಟ್ಯಾಂಕು ತುಂಬಿದರು. ಕ್ರಮ ಹೀಗೆ: ಶುರುವಿಗೆ ಒಂದಷ್ಟು ಹೊತ್ತು ಗಾಳಿ ಕೊಟ್ಟು ಬ್ಯಾಕ್ಟೀರಿಯಾಗಳನ್ನು ಸಂಖ್ಯೆಯಲ್ಲಿ ಬೆಳೆಸಬೇಕು. ಸಾಕಷ್ಟು ಆದ ಮೇಲೆ ಗಾಳಿ ನಿಲ್ಲಿಸಿಬಿಡಬೇಕು. ಆಗ ಅವಕ್ಕೆ ಬ್ಯುಟನಾಲ್ ಬಾಗಿಲು ಬಿಟ್ಟು ಗತಿಯಿಲ್ಲ. ಅತ್ತಿಗೆ ಗಾಳಿ ನಿಲ್ಲಿಸಿದರು. ನಿಲ್ಲಿಸಿದ ಕೂಡಲೇ ಎಲ್ಲ ಸ್ತಬ್ಧವಾಯಿತು. ಪಕ್ಕದ ಕಂಪ್ಯೂಟರ್ ಪರದೆಯ ಮೇಲಿನ ಬೆಳವಣಿಗೆಯ ಗೆರೆ ಮಲಗಿಬಿಟ್ಟಿತು. ಒಂದು ಗಂಟೆ ಹೋಯಿತು, ಮತ್ತೆರಡು ಹೋದವು, ಗೆರೆ ಏಳಲಿಲ್ಲ. ಅತ್ತಿಗೆ ಏಣಿ ಹತ್ತಿ ಇಳಿದು, ಹತ್ತಿ ಇಳಿದು ಸುಸ್ತಾದರು. ಗಾಜಿನಲ್ಲಿ ಇಣುಕಿದರೆ ಅವು ಉಸಿರುಗಟ್ಟಿ ತಮ್ಮನ್ನೇ ನೋಡುತ್ತಿವೆ ಎನ್ನಿಸಿತಂತೆ. ಕಣ್ಣಿಲ್ಲದ ಜೀವಗಳು ಎಲ್ಲಿಂದ ನೋಡುತ್ತವೆ ಎಂದು ನಾನು ಆಮೇಲೆ ಕೇಳಿದೆ.

ಮಾವ ಊಟಕ್ಕೆ ಹೋದಾಗ ಅತ್ತಿಗೆ ಗಾಳಿಯ ವಾಲ್ವನ್ನು ಒಂದು ಚೂರು, ಬರೀ ಒಂದು ಚೂರು, ತಿರುಗಿಸಿದರು.

ಗೆರೆ ಎದ್ದಿತು. ಎದ್ದದ್ದಲ್ಲ, ಕುಣಿಯಿತು. ಸಂಜೆಗೆ ಟ್ಯಾಂಕಿನ ತುಂಬ ಮಂದವಾದ, ನೊರೆಯುಕ್ಕುವ, ಸಮೃದ್ಧವಾದ ಬೆಳೆ. ಮಾವ ಕಿಂಡಿಯಲ್ಲಿ ಇಣುಕಿ ನೋಡಿ, “ಅಬ್ಬಬ್ಬಾ, ಏನ್ ಮೈ ಹಿಡಿದಿವೆ ಮೇಡಂ ನಿಮ್ಮ ಮಕ್ಕಳು!” ಎಂದು ಕೈ ಮುಗಿದರು. ಅತ್ತಿಗೆ ಅಂದು ಹಾಡು ಗುನುಗುತ್ತ ಮನೆಗೆ ಬಂದರು. ನಮಗೆ ಮತ್ತೆ ಮೂರು ಮೂರು ಸಲ ಬಡಿಸಿದರು.

ಮಾರನೆಯ ಬೆಳಿಗ್ಗೆ ಅಳೆದು ನೋಡಿದರೆ ಸಕ್ಕರೆ ಪೂರ್ತಿ ಖಾಲಿ. ಬ್ಯುಟನಾಲ್ ಹೆಸರಿಗೆ ಮಾತ್ರ. ಒಂದು ಚೂರು ಗಾಳಿ ಸಿಕ್ಕಿದ್ದೇ ತಡ, ಅವೆಲ್ಲ ಹೊರೆಯನ್ನು ಗಾಳಿಯ ಮೇಲೆ ಇಳಿಸಿ, ಹಾಯಾಗಿ ತಿಂದು, ಮೈ ಬೆಳೆಸಿಕೊಂಡು ಕೂತಿದ್ದವು. ಬಾಟಲಿಗಳಲ್ಲಿ ಈ ಅನಾಹುತ ಆಗದ್ದಕ್ಕೆ ಕಾರಣ ಒಂದೇ. ರಬ್ಬರ್ ಬಿರಡೆಗೆ ವಾಲ್ವು ಇರುವುದಿಲ್ಲ. ಅಲ್ಲಿ ಕನಿಕರ ತೋರಿಸಲು ಅತ್ತಿಗೆಗೆ ದಾರಿಯೇ ಇರಲಿಲ್ಲ.

ಡೈರೆಕ್ಟರು ಕರೆಸಿದರು. ಬ್ಯಾಕ್ಟೀರಿಯಾ ದೊಡ್ಡ ಟ್ಯಾಂಕಿಗೆ ಹೊಂದಲಿಲ್ಲ ಎಂದೋ, ದಂಟಿನ ಸಕ್ಕರೆಯಲ್ಲಿ ಕಸ ಇತ್ತು ಎಂದೋ ಹೇಳಿಬಿಡಬಹುದಿತ್ತು. ಅತ್ತಿಗೆಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಲು ಹೋದರೆ ಕಿವಿ ಕೆಂಪಾಗುತ್ತದೆ.

“ಗಾಳಿ ನಾನೇ ಕೊಟ್ಟೆ ಮೇಡಂ. ನೋಡೋಕಾಗ್ಲಿಲ್ಲ.”

ಡೈರೆಕ್ಟರು ಅಂಕಿಗಳ ಹಾಳೆಯನ್ನು ಬದಿಗಿಟ್ಟರಂತೆ. ಆಮೇಲೆ, “ಹಾಗಾದ್ರೆ ತಪ್ಪು ಬ್ಯಾಕ್ಟೀರಿಯಾದ್ದಲ್ಲ, ನಿಮ್ದು,” ಎಂದರು.

“ಹೌದು ಮೇಡಂ.”

“ಅದೇ ನಿಮ್ಮನ್ನ ಉಳಿಸಿದ್ದು. ಇನ್ನೊಂದು ಟ್ಯಾಂಕು ಕೊಡ್ತೀನಿ. ಅದೇ ಕೊನೇದು. ಅದೂ ಹೀಗಾದ್ರೆ ಮುಚ್ಚಳದ ಮೇಜು ಒರೆಸಿಡೋಕೆ ಹೇಳ್ತೀನಿ.”

ಆ ಸಂಜೆ ಅತ್ತಿಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತರು. ಮುಚ್ಚಳ ಪರೀಕ್ಷಿಸುವುದು ಹೀನ ಕೆಲಸ ಎಂದಲ್ಲ. “ಅದೂ ಕೆಲಸವೇ ಕಣೇ. ಆದ್ರೆ ಇಷ್ಟು ವರ್ಷ ಬಾಗಿಲು ಮುಚ್ಚಿ ಮುಚ್ಚಿ, ಕೊನೇ ಬಾಗಿಲ ಹತ್ರ ನಾನೇ ಸೋತೆನಲ್ಲ,” ಎಂದರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಣ್ಣ ಬಂದು ಹೆಗಲ ಮೇಲೆ ಕೈ ಇಟ್ಟ. ಏನು ಹೇಳಬೇಕೆಂದು ತೋಚದೆ, “ಹಸಿವಾಗ್ತಿದೆ,” ಎಂದ. ಅವರು ಮೂಗು ಒರೆಸಿಕೊಂಡು ಎದ್ದರು. ಅವನಿಗೆ ಅಂದು ಹಸಿವಿರಲಿಲ್ಲ, ನಾನು ಬಲ್ಲೆ. ನನ್ನ ಅಣ್ಣ ಒಮ್ಮೊಮ್ಮೆ ಬಹಳ ಒಳ್ಳೆಯವನು.

ಎರಡನೇ ಟ್ಯಾಂಕು ಶುರುವಾದ ದಿನ ಅತ್ತಿಗೆ ಎಲ್ಲ ಅಣಿ ಮಾಡಿದರು. ಗಾಳಿ ಕೊಟ್ಟು ಬೆಳೆಸಿದರು, ಹೊತ್ತಿಗೆ ಸರಿಯಾಗಿ ಗಾಳಿ ನಿಲ್ಲಿಸಿದರು. ಆಮೇಲೆ ಅಲ್ಲೇ ನಿಂತರು. ಕೈ ಕಟ್ಟಿ ನಿಂತರು, ಬೆನ್ನ ಹಿಂದೆ ಕೈ ಇಟ್ಟು ನಿಂತರು, ಜೇಬಿಗೆ ಹಾಕಿ ನಿಂತರು. ಮಾವ ಇದನ್ನೆಲ್ಲ ನೋಡಿ, “ಮೇಡಂ, ಬೇಜಾರು ಮಾಡ್ಕೋಬೇಡಿ. ನೀವು ಮನೆಗೆ ಹೋಗಿ. ಇಲ್ಲಿದ್ರೆ ನಿಮ್ಮ ಕೈ ಸುಮ್ನಿರಲ್ಲ. ಗಂಟೆಗೊಂದ್ಸಲ ನಾನೇ ಫೋನ್ ಮಾಡ್ತೀನಿ,” ಎಂದರು. ತಮ್ಮ ಟ್ಯಾಂಕಿನಿಂದ ತಮ್ಮನ್ನೇ ಓಡಿಸಿದರು ಎಂದು ಅತ್ತಿಗೆಗೆ ಅವಮಾನವಾಯಿತು. ಆದರೂ ಮಾತಿನಲ್ಲಿ ನ್ಯಾಯವಿತ್ತು. ಹೊರಟವರು ಮನೆಗೆ ಹೋಗದೆ ನೇರ ನನ್ನ ಅಂಗಡಿಗೆ ಬಂದರು.

“ಏನಾದ್ರೂ ಕೆಲಸ ಕೊಡೇ,” ಎಂದರು.

ಶಾಲೆಯ ಮಕ್ಕಳ ಅಂಗಿಗಳಿಗೆ ಗುಂಡಿ ಹಚ್ಚಲು ಕೊಟ್ಟೆ. ಗುಂಡಿ ಹಚ್ಚಿದರು ನೋಡಿ! ಐದು ಸುತ್ತು ದಾರ ಸಾಕಾದಲ್ಲಿ ಹದಿನೈದು ಸುತ್ತು ಸುತ್ತಿದರು. ಆ ಅಂಗಿಗಳು ಹರಿದು ಚಿಂದಿಯಾದರೂ ಗುಂಡಿ ಬೀಳುವುದಿಲ್ಲ. ನಾನು ನಕ್ಕರೆ ಅವರೂ ನಕ್ಕರು. ಫೋನು ರಿಂಗಾದ ಕೂಡಲೇ ಇಬ್ಬರ ನಗುವೂ ನಿಂತಿತು.

“ಏನೂ ಇಲ್ಲ ಮೇಡಂ. ಮಲಗಿವೆ,” ಎಂದರು ಮಾವ.

ಮುಂದಿನ ಸಲವೂ ಅದೇ ಮಾತು. ಅದರ ಮುಂದಿನ ಸಲವೂ ಅದೇ. ಅತ್ತಿಗೆ ಫೋನನ್ನು ಕತ್ತರಿಸುವ ಮೇಜಿನ ಮೇಲೆ, ಬಟ್ಟೆ ಚೂರುಗಳ ನಡುವೆ, ಎಲ್ಲರಿಗೂ ಕೇಳುವಂತೆ ಇಡುತ್ತಿದ್ದರು. ಮಧ್ಯಾಹ್ನ ಬಿಸಿಲು ಅಂಗಡಿಯೊಳಗೆ ಬಂದು ಹೊಲಿಗೆ ಯಂತ್ರದ ಮೇಲೆ ಬಿದ್ದಿತ್ತು. ಆಗ ಮತ್ತೆ ಫೋನು ಬಂತು. ಈ ಸಲ ಮಾವನ ದನಿ ಬೇರೆಯಾಗಿತ್ತು.

“ಮೇಡಂ... ಒಂದು ಮಾತು ಕೇಳ್ಲಾ? ನಾನು ಈ ಟ್ಯಾಂಕಲ್ಲಿ ಎಷ್ಟೋ ನೋಡಿದೀನಿ. ಹೀಗೆ ಸತ್ತಂಗೆ ಬಿದ್ದಿದ್ದನ್ನ ನೋಡಿಲ್ಲ. ಕೈ ಕಾಲು ಆಡ್ತಿಲ್ಲ ನಂಗೆ. ಒಂದೇ ಒಂದು ಚೂರು ಗಾಳಿ ಕೊಡ್ಲಾ? ಯಾರಿಗೂ ಹೇಳಲ್ಲ.”

ಅತ್ತಿಗೆಯ ಕೈಯಲ್ಲಿ ಸೂಜಿ ಹಾಗೇ ನಿಂತಿತ್ತು. ಈ ಮನೆಗೆ ಬಂದಾಗಿನಿಂದ ಯಾರಾದರೂ ಕೇಳಿದ್ದಕ್ಕೆ ಇಲ್ಲ ಎಂದವರಲ್ಲ ಅವರು. ಭಿಕ್ಷುಕರಿಗೂ ಇಲ್ಲ ಎಂದಿಲ್ಲ, ನೆಂಟರಿಗೂ ಇಲ್ಲ ಎಂದಿಲ್ಲ, ಓಡಲಾರದ ಆ ನಾಯಿಗೂ ಇಲ್ಲ ಎಂದಿಲ್ಲ. ಅವರು ‘ಹೂಂ’ ಎನ್ನುತ್ತಾರೆ ಎಂದೇ ನಾನು ತಿಳಿದೆ. ಎದ್ದು ಹೋಗಿ ಫೋನು ಕಿತ್ತುಕೊಳ್ಳೋಣವೇ ಎಂದೂ ಅನ್ನಿಸಿತು.

“ಬೇಡ ಮಾವ,” ಎಂದರು ಅತ್ತಿಗೆ.

“ಮೇಡಂ, ಸತ್ತುಹೋದ್ರೆ?”

“ಸಾಯಲ್ಲ. ಒದ್ದಾಡ್ತಿವೆ. ಇರೋ ದಾರಿ ಯಾವ್ದು ಅಂತ ಹುಡುಕ್ತಿವೆ. ನಾವು ಸುಲಭದ ದಾರಿ ತೋರಿಸಿದ್ರೆ ಅವು ಹುಡುಕೋದನ್ನ ಬಿಟ್ಟುಬಿಡ್ತವೆ. ಮುಟ್ಟಬೇಡಿ. ನೀವೂ ಅಲ್ಲಿಂದ ಎದ್ದು ಒಂದು ಚಹಾ ಕುಡಿದು ಬನ್ನಿ.”

ಫೋನು ಇಟ್ಟರು. ಹಚ್ಚಿ ಮುಗಿದ ಗುಂಡಿಗೇ ಮತ್ತೆ ದಾರ ಸುತ್ತತೊಡಗಿದರು. ನಾನು ಹೋಗಿ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. “ಕೊಡ್ಬೇಕಿತ್ತೇನೋ ಕಣೇ. ಸತ್ತುಹೋದ್ರೆ ಕೊಂದವಳು ನಾನೇ ಆಗ್ತೀನಿ,” ಎಂದರು. ನನಗೆ ಬ್ಯಾಕ್ಟೀರಿಯಾಗಳ ಬಗ್ಗೆ ಏನು ಗೊತ್ತು? “ಸರಿಯಾಗೇ ಹೇಳಿದ್ರಿ ಅತ್ತಿಗೆ,” ಎಂದೆ, ಬಲವಾಗಿ ಎಂದೆ. ನನಗೆ ಅವರ ಮೇಲೆ ಅಂದು ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಅಂಗಡಿ ಮುಚ್ಚುವ ಹೊತ್ತಿಗೆ ಮಾವನ ಫೋನು ಬಂತು. ಗೆರೆ ಒಂದು ಕೂದಲೆಳೆಯಷ್ಟು ಎದ್ದಿದೆ, ತಮ್ಮ ಕಣ್ಣಿನ ಭ್ರಮೆಯೂ ಇರಬಹುದು ಎಂದರು. ಮರುದಿನ ಬೆಳಿಗ್ಗೆ ಅದು ಭ್ರಮೆಯಲ್ಲ ಎಂದಾಯಿತು. ನಿಧಾನವಾಗಿ, ಮುದುಕರು ಮೆಟ್ಟಿಲು ಹತ್ತುವ ಹಾಗೆ ಹತ್ತುತ್ತಿದೆ ಎಂದರು. ನೊರೆಯಿಲ್ಲ, ಸಮೃದ್ಧಿಯಿಲ್ಲ, ನೋಡಲು ಏನೂ ಚೆಂದವಿಲ್ಲ. ಅದರ ಮರುದಿನ ಅವರು ಹಲೋ ಎನ್ನುವುದನ್ನೂ ಮರೆತು, “ವಾಸನೆ ಬರ್ತಿದೆ ಮೇಡಂ! ಕೊಳೆತ ಬಾಳೆಹಣ್ಣು, ಪೇಂಟು ಡಬ್ಬಿ ಎರಡೂ ಸೇರಿದಂಗೆ! ಮೂಗು ಬಿರಿತಿದೆ!” ಎಂದು ಕೂಗಿದರು. ಬ್ಯುಟನಾಲಿನ ವಾಸನೆ ಅದೇ. ಆದರೆ ವಾಸನೆಗೆ ಡೈರೆಕ್ಟರು ಒಪ್ಪುವವರಲ್ಲ. ಯಂತ್ರದಲ್ಲಿ ಅಳೆದು ಅಂಕಿ ಬರಬೇಕು.

ಅಳೆಯುವ ದಿನ ನಾನು ಅಂಗಡಿಗೆ ಬೀಗ ಹಾಕಿ ಅತ್ತಿಗೆಯ ಜೊತೆ ಹೋದೆ. ಒಳಗೆ ಬಿಡಲಿಲ್ಲ, ಗೇಟಿನ ಕಾವಲುಗಾರನ ಕೋಣೆಯ ನೆರಳಲ್ಲಿ ಕೂತೆ. ಲಾರಿಗಳು ದಂಟು ತುಂಬಿಕೊಂಡು ಒಳಗೆ ಹೋಗುತ್ತಿದ್ದವು, ಖಾಲಿಯಾಗಿ ಹೊರಗೆ ಬರುತ್ತಿದ್ದವು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಾವಲುಗಾರ, “ಯಾರಿಗಾದ್ರೂ ಹುಷಾರಿಲ್ವಾ?” ಎಂದು ಕೇಳಿದ. “ಬ್ಯಾಕ್ಟೀರಿಯಾಗೆ,” ಎಂದೆ. ಅವನು ಕುರ್ಚಿಯನ್ನು ಸ್ವಲ್ಪ ದೂರ ಸರಿಸಿಕೊಂಡ.

ಬಹಳ ಹೊತ್ತಿನ ಮೇಲೆ ಅತ್ತಿಗೆ ಬಂದರು. ದೂರದಿಂದಲೇ ಅವರ ನಡಿಗೆ ನೋಡಿ ತಿಳಿದುಕೊಳ್ಳಲು ನೋಡಿದೆ, ತಿಳಿಯಲಿಲ್ಲ. ಮುಖ ನೋಡಿದೆ. ಅದು ಖಾಲಿ ಗೋಡೆಯಂತೆ ಇತ್ತು.

“ಏನಾಯ್ತು ಅತ್ತಿಗೆ?”

“ನಡಿ, ಹೋಗೋಣ.”

ಗೇಟು ದಾಟಿ ರಸ್ತೆಗೆ ಬಂದೆವು. ಸಮಾಧಾನ ಹೇಳುವ ಕೆಲಸ ನನಗೆ ಒಗ್ಗದು, ಆದರೂ ಶುರು ಮಾಡಿದೆ. “ಹೋಗ್ಲಿ ಬಿಡಿ. ಮುಚ್ಚಳದ ವಿಭಾಗ ತಂಪಾಗಿರುತ್ತಂತೆ, ಮೆಟ್ಟಿಲು ಹತ್ತೋದಿಲ್ಲ, ಸಂಜೆ ಬೇಗ ಬಿಡ್ತಾರಂತೆ...”

“ಯಾವ ಮುಚ್ಚಳ?” ಎಂದರು ಅತ್ತಿಗೆ. “ಬ್ಯುಟನಾಲ್ ಬರಬಹುದಾಗಿದ್ದದ್ರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಬಂದಿದೆ. ಡೈರೆಕ್ಟರು ಎರಡು ಸಲ ಅಳೆಸಿದ್ರು. ಎರಡು ಸಲಾನೂ ಅಷ್ಟೇ. ನಾಳೆ ಬೇಗ ಬರ್ಬೇಕಂತೆ.”

ನಾನು ರಸ್ತೆಯಲ್ಲೇ ನಿಂತುಬಿಟ್ಟೆ. “ಮತ್ತೆ ಮುಖ ಯಾಕೆ ಹಾಗಿದೆ? ನನ್ನ ಪ್ರಾಣ ತೆಗೆಯೋಕಾ?” ಎಂದು ಕೂಗಿದೆ. ಕಾವಲುಗಾರ ಇಣುಕಿ ನೋಡಿದ.

ಒಳಗೆ ಎಲ್ಲರೆದುರು ಅತ್ತಿಗೆ ಗಟ್ಟಿಯಾಗಿ ಹಿಡಿದುಕೊಂಡಿದ್ದದ್ದು ಈಗ ಕೈ ಬಿಟ್ಟಿತು. ದಂಟಿನ ಲಾರಿಯೊಂದು ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹಾದುಹೋಯಿತು. ಧೂಳು ಇಳಿಯುವವರೆಗೆ ಅತ್ತಿಗೆ ನನ್ನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ, ನನ್ನ ಕಣ್ಣೂ ತುಂಬಿದ್ದರಿಂದ ಸರಿಯಾಗಿ ಕಾಣಲಿಲ್ಲ.

“ಬೆಂಚು ನಂದೇ ಕಣೇ,” ಎಂದರು.